ಅಗೆಯುವವನ ಅಹಿಂಸೆ

ಹಾಸನ ಜಿಲ್ಲೆಯ ಪೂರ್ವದಲ್ಲಿ ಬಾಹುಬಲಿ ನಿಂತಿದ್ದಾನೆ. ಪಶ್ಚಿಮದಲ್ಲಿ ಸಕಲೇಶಪುರ, ಆಲೂರುಗಳ ಗುಡ್ಡಗಳಿವೆ. ಕಾಫಿ, ಮೆಣಸು, ಏಲಕ್ಕಿ, ಶುಂಠಿ ಬೆಳೆಯುವ ನೆಲ. ಎರಡರ ನಡುವಿನ ದೂರ ನೂರು ಕಿಲೋಮೀಟರಿನ ಆಸುಪಾಸು. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಆ ವಿಗ್ರಹದ ಎತ್ತರವನ್ನೂ ಮುಖದ ಶಾಂತಿಯನ್ನೂ ಎಲ್ಲರೂ ಕಣ್ತುಂಬಿಕೊಳ್ಳುತ್ತಾರೆ. ಕಾಲಿನ ಬಳಿ ಏನಿದೆ ಎಂದು ನೋಡುವವರು ಕಡಿಮೆ. ಅಲ್ಲಿ ಹುತ್ತಗಳಿವೆ, ಹುತ್ತದಿಂದ ಹಾವುಗಳು ತಲೆ ಹೊರಹಾಕಿವೆ, ಬಳ್ಳಿಯೊಂದು ಕಾಲು ತೊಡೆಗಳನ್ನು ಬಳಸಿ ತೋಳಿನವರೆಗೆ ಏರಿದೆ. ಮನುಷ್ಯನೊಬ್ಬ ಪೂರ್ತಿ ನಿಶ್ಚಲನಾದದ್ದನ್ನು ಕಲ್ಲಿನಲ್ಲಿ ತೋರಿಸುವುದು ಸುಲಭವಲ್ಲ, ಕಲ್ಲು ಹೇಗೂ ಅಲುಗುವುದಿಲ್ಲವಲ್ಲ. ಹಾಗಾಗಿ ಶಿಲ್ಪಿ ಮಣ್ಣನ್ನೂ ಗಿಡವನ್ನೂ ಸಾಕ್ಷಿಗೆ ಕರೆದಿದ್ದಾನೆ. ಇವನಿಂದ ತಮಗೇನೂ ಕೇಡಿಲ್ಲವೆಂದು ನಂಬಿ ಅವು ಇವನ ಮೈಮೇಲೇ ಮನೆ ಮಾಡಿಕೊಂಡವು ಎಂಬುದು ಆ ಕೆತ್ತನೆಯ ಮಾತು. ಇದು ಏನನ್ನೂ ಮಾಡದೆ ನಿಂತವನ ಅಹಿಂಸೆ. ಒಂದು ವರ್ಷ ಅನ್ನವಿಲ್ಲದೆ ನಿಂತ ಎನ್ನುತ್ತದೆ ಪುರಾಣ. ಅನ್ನ ಬೇಕಾದವರಿಗೆ, ಅನ್ನ ಬೆಳೆಯುವವರಿಗೆ ಆ ದಾರಿ ತೆರೆದಿಲ್ಲ. ಹಾಗಾದರೆ ಗುದ್ದಲಿ ಹಿಡಿದವನಿಗೆ ದಕ್ಕುವ ಅಹಿಂಸೆ ಎಂಬುದು ಒಂದಿದೆಯೆ? ಇದ್ದರೆ ಅದು ಯಾವ ಬಗೆಯದು?

ಈ ಪ್ರಶ್ನೆಯನ್ನು ನಮ್ಮ ಪರಂಪರೆ ಹಗುರವಾಗಿ ಬಿಟ್ಟದ್ದಲ್ಲ. ಜೈನ ದರ್ಶನದಲ್ಲಿ ಮಣ್ಣೇ ಜೀವದ ಮೈ. ಪೃಥ್ವಿಕಾಯ ಎನ್ನುವ ಒಂದೇ ಇಂದ್ರಿಯದ ಜೀವಗಳನ್ನು ಅದು ಒಪ್ಪುತ್ತದೆ, ಮಣ್ಣಿನೊಳಗೆ ಹರಿದಾಡುವ ಹುಳುಹುಪ್ಪಟೆಗಳ ಲೆಕ್ಕ ಬೇರೆ. ಹನ್ನೆರಡನೆಯ ಶತಮಾನದ ಹೇಮಚಂದ್ರನ ಯೋಗಶಾಸ್ತ್ರ ಶ್ರಾವಕ ಬಿಡಬೇಕಾದ ಹದಿನೈದು ಕಸುಬುಗಳನ್ನು ಎಣಿಸುವಾಗ ನೆಲ ಸೀಳಿ ಬದುಕುವುದನ್ನೂ ಸೇರಿಸುತ್ತದೆ. ಇದು ಜೈನರ ಅಳುಕು ಮಾತ್ರವೂ ಅಲ್ಲ. ಕಬ್ಬಿಣದ ಮೊನೆಯ ನೇಗಿಲು ಭೂಮಿಯನ್ನೂ ಅದರೊಳಗಿನ ಪ್ರಾಣಿಗಳನ್ನೂ ಗಾಯಗೊಳಿಸುತ್ತದೆ ಎಂಬ ಕಾರಣಕ್ಕೆ ಮನುಸ್ಮೃತಿಯೂ ಬೇಸಾಯದ ಬಗ್ಗೆ ಅನುಮಾನದಿಂದ ಮಾತಾಡುತ್ತದೆ. ಆದರೆ ಅದೇ ಜೈನ ಪರಂಪರೆಯ ಮೊದಲ ತೀರ್ಥಂಕರ ಆದಿನಾಥ, ಬಾಹುಬಲಿಯ ತಂದೆ, ಜನಕ್ಕೆ ಕಲಿಸಿದ ಆರು ಕಸುಬುಗಳಲ್ಲಿ ಕೃಷಿಯೂ ಒಂದು ಎಂದು ಜಿನಸೇನರ ಆದಿಪುರಾಣ ಹೇಳುತ್ತದೆ. ತಂದೆ ಬೇಸಾಯ ಕಲಿಸಿದ, ಮಗ ಮಣ್ಣು ಬಳ್ಳಿಗಳಿಗೆ ಮೈ ಕೊಟ್ಟು ನಿಂತ. ಈ ಎರಡನ್ನೂ ಹೊಂದಿಸಲು ಚಿಂತಕರು ಹಿಂಸೆಯನ್ನೇ ವಿಂಗಡಿಸಿದರು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ ಗೃಹಸ್ಥನಿಗೆ ನಿಷಿದ್ಧ. ಕಸುಬಿನಲ್ಲಿ ತಪ್ಪದೆ ಆಗಿಬಿಡುವ ಉದ್ಯೋಗೀ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಈ ವಿಂಗಡಣೆಯಲ್ಲಿ ದೊಡ್ಡ ವಿವೇಕವಿದೆ. ರೈತನನ್ನು ಅದು ಪಾಪಿ ಎಂದು ತಳ್ಳುವುದಿಲ್ಲ, ಅವನಿಗೆ ಯಾವ ಹೊಣೆಯೂ ಇಲ್ಲವೆಂದು ಬಿಟ್ಟುಕೊಡುವುದೂ ಇಲ್ಲ. ಆದರೆ ಎಚ್ಚರ ಎಂದರೆ ಯಾವುದರ ಎಚ್ಚರ ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತದೆ. ಎರೆಹುಳುವನ್ನು ತಪ್ಪಿಸಿ ಅಗೆಯಬಹುದು. ಕಣ್ಣಿಗೇ ಕಾಣದ್ದನ್ನು ತಪ್ಪಿಸುವುದು ಹೇಗೆ?

ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ನೂರು ಕೋಟಿಯವರೆಗೂ ಬ್ಯಾಕ್ಟೀರಿಯಾಗಳಿರಬಹುದು. ಮಳೆಗಾಲ ಮುಗಿದ ಮೇಲೆ ತೋಟ ಅಗೆಯುವಾಗ ಗುದ್ದಲಿಯ ಒಂದೊಂದು ಏಟಿಗೆ ಎದ್ದುಬರುವ ಹೆಂಟೆಯಲ್ಲಿ ಭೂಮಿಯ ಮೇಲಿನ ಮನುಷ್ಯರ ಸಂಖ್ಯೆಯನ್ನು ಎಷ್ಟೋ ಪಟ್ಟು ಮೀರಿದ ಜೀವಗಳಿರುತ್ತವೆ. ಇಷ್ಟು ಗೊತ್ತಾದ ಮೇಲೆ, ಸತ್ತ ಜೀವಗಳನ್ನು ಎಣಿಸುವ ಅಹಿಂಸೆ ನಿಲ್ಲುವುದಿಲ್ಲ. ಇಲ್ಲಿ ಕೆಲವರು ಅಹಿಂಸೆಯ ಮಾತನ್ನೇ ಕೈಬಿಡುತ್ತಾರೆ: ಲೆಕ್ಕಕ್ಕೆ ಸಿಗದ್ದಕ್ಕೆ ಹೊಣೆಯೂ ಇಲ್ಲ, ಮಣ್ಣು ಒಂದು ಸಾಮಗ್ರಿ, ಅಷ್ಟೆ. ಈ ತೀರ್ಮಾನ ಅವಸರದ್ದು. ಎಣಿಕೆ ಸೋತರೆ ನಾವು ಎಣಿಸಲು ಹೊರಟ ವಸ್ತುವೇ ತಪ್ಪಾಗಿರಬಹುದು. ಮಣ್ಣಿನಲ್ಲಿ ಕಾಪಾಡಬೇಕಾದದ್ದು ಬಿಡಿಬಿಡಿ ಜೀವಗಳಿಗಿಂತ ಹೆಚ್ಚಾಗಿ ಆ ಜೀವಗಳ ನಡುವಿನ ಕೊಡುಕೊಳೆ, ಮತ್ತು ಬೇಸಾಯಗಾರ ಮಾಡಬಹುದಾದ ನಿಜವಾದ ಹಿಂಸೆ ಆ ಕೊಡುಕೊಳೆಯನ್ನು ಮುರಿಯುವುದು ಎಂಬುದು ನನ್ನ ವಾದ. ಇದಕ್ಕೆ ಬೇಕಾದ ಪುರಾವೆ ಸಕಲೇಶಪುರ, ಆಲೂರುಗಳ ಗುಡ್ಡಗಳ ಮಣ್ಣಿನಲ್ಲೇ ಸಿಗುತ್ತದೆ.

ಬಿಸಿಲೆ, ಹೆತ್ತೂರು, ಹಾನುಬಾಳಿನ ಕಡೆಯ ಮಣ್ಣು ಕೆಂಪು, ಹುಳಿ. ಸಾವಿರಾರು ವರ್ಷ ಸುರಿದ ಮಳೆ ಸುಣ್ಣದಂಥ ಅಂಶಗಳನ್ನು ತೊಳೆದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸಿದೆ. ಇಂಥ ಮಣ್ಣಿಗೆ ಬಿದ್ದ ರಂಜಕವನ್ನು ಆ ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದು ಕಟ್ಟಿಹಾಕುತ್ತವೆ. ಮಣ್ಣಿನಲ್ಲಿ ರಂಜಕ ಇದೆ, ಗಿಡಕ್ಕೆ ಸಿಗುವುದಿಲ್ಲ. ಅದು ನೀರಿನೊಂದಿಗೆ ಹೆಚ್ಚು ದೂರ ಹರಿಯುವಂಥದ್ದೂ ಅಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಷ್ಟು ಜಾಗವನ್ನು ಖಾಲಿ ಮಾಡಿಕೊಂಡು ಹಸಿದು ನಿಲ್ಲುತ್ತದೆ. ಇಲ್ಲಿಗೆ ನೆರವಾಗಿ ಬರುವುದು ಒಂದು ಶಿಲೀಂಧ್ರ. ಬೇರಿನ ಕೋಶದೊಳಗೆ ಗಿಡದ ಆಕಾರದ ಪುಟ್ಟ ಕವಲುಗಳನ್ನು ಬಿಟ್ಟು, ಹೊರಗೆ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳನ್ನು ಸೆಂಟಿಮೀಟರುಗಟ್ಟಲೆ ಹರಡಿ, ಬೇರು ಮುಟ್ಟಲಾರದ ಸಂದುಗಳಿಂದ ರಂಜಕ ತರುತ್ತದೆ. ಬದಲಿಗೆ ಗಿಡ ಬಿಸಿಲಿನಿಂದ ಮಾಡಿಕೊಂಡ ಆಹಾರದಲ್ಲಿ ಶೇಕಡಾ 4ರಿಂದ 20ರಷ್ಟನ್ನು ಅದಕ್ಕೆ ಒಪ್ಪಿಸುತ್ತದೆ. ಬೇರು ಶಿಲೀಂಧ್ರಗಳ ಸಖ್ಯಕ್ಕೆ ಮೈಕೊರೈಜಾ ಎಂಬ ಹೆಸರನ್ನು 1885ರಲ್ಲಿ ಜರ್ಮನಿಯ ಫ್ರಾಂಕ್ ಇಟ್ಟ. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಿ. ಜೆ. ಭಾಗ್ಯರಾಜ್ ಅವರಂಥವರು ದಶಕಗಳ ಕಾಲ ಅದನ್ನು ಬೆಳೆಗಳಲ್ಲಿ ಅಭ್ಯಾಸ ಮಾಡಿದರು. ಸಖ್ಯ ಮಾತ್ರ ಹೆಸರಿಗಿಂತ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ, ಸುಮಾರು 40 ಕೋಟಿ ವರ್ಷ ಹಿಂದಿನ ಸಸ್ಯಗಳ ಪಳೆಯುಳಿಕೆಯೊಳಗೂ ಈ ಕವಲುಗಳಿವೆ. ಆ ಸಸ್ಯಗಳಿಗೆ ಇಂದು ನಾವು ಬೇರು ಎನ್ನುವ ಅಂಗವೇ ಇರಲಿಲ್ಲ. ಬೇರು ಹುಟ್ಟುವ ಮೊದಲೇ ಈ ನಂಟು ಹುಟ್ಟಿತ್ತು ಎಂಬುದನ್ನು ಒಂದು ಕ್ಷಣ ನಿಂತು ಯೋಚಿಸಬೇಕು: ಗಿಡ ಎಂಬುದು ಮೊದಲು ಒಂಟಿಯಾಗಿದ್ದು ಆಮೇಲೆ ಸಂಬಂಧ ಬೆಳೆಸಿದ್ದಲ್ಲ. ನೆಲದ ಮೇಲೆ ಅದು ನಿಂತದ್ದೇ ಇನ್ನೊಂದರ ಆಸರೆಯಿಂದ. ಕಾಫಿ ಗಿಡವೂ, ಅದರ ಪಕ್ಕದ ಮರ ಹಬ್ಬಿದ ಮೆಣಸಿನ ಬಳ್ಳಿಯೂ ಈ ಒಪ್ಪಂದದವೇ.

ತೋಟದ ನೆರಳಿಗೆ ಬೆಳೆಸುವ ಹಾಲುವಾಣದ ಮರದ್ದು ಇನ್ನೊಂದು ಬಗೆ. ಅದು ದ್ವಿದಳ ಜಾತಿ. ಅದರ ಬೇರುಗಂಟುಗಳಲ್ಲಿ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳು ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತವೆ. ಕೆಲಸ ನಡೆಯುತ್ತಿರುವ ಗಂಟನ್ನು ಸೀಳಿದರೆ ಒಳಗೆ ಕೆಂಪು. ನಮ್ಮ ರಕ್ತದ ಹಿಮೊಗ್ಲೋಬಿನ್ನಿಗೆ ಹತ್ತಿರದ ಒಂದು ವಸ್ತು ಅಲ್ಲಿ ಆಮ್ಲಜನಕವನ್ನು ಹದದಲ್ಲಿ ಹಿಡಿದಿಟ್ಟಿರುತ್ತದೆ, ಯಾಕೆಂದರೆ ಆಮ್ಲಜನಕ ಹೆಚ್ಚಾದರೆ ಸಾರಜನಕದ ಕೆಲಸ ಕೆಡುತ್ತದೆ, ತೀರ ಕಡಿಮೆಯಾದರೆ ಬ್ಯಾಕ್ಟೀರಿಯಾವೇ ಉಸಿರಾಡದು. ಮುಂಗಾರಿಗೆ ಮುಂಚೆ ಮರಗಸಿ ಮಾಡಿದಾಗ ನೆಲಕ್ಕೆ ಬೀಳುವ ಹಾಲುವಾಣದ ಸೊಪ್ಪು ಹೀಗೆ ಗಾಳಿಯಿಂದ ಇಳಿದ ಗೊಬ್ಬರ. ಅತ್ತಿ, ಹಲಸು, ನೇರಳೆಗಳ ದರಗು ಅದರ ಮೇಲೆ ಕೂರುತ್ತದೆ, ಕೊಳೆಸುವ ಜೀವಿಗಳು ಅದನ್ನು ಮತ್ತೆ ಬೇರಿಗೆ ತಲುಪಿಸುತ್ತವೆ. ಇತ್ತೀಚೆಗೆ ತೋಟಗಳಲ್ಲಿ ಜಾಗ ಹಿಡಿದಿರುವ ಸಿಲ್ವರ್ ಓಕ್ ಸೇರಿದ ಕುಟುಂಬದ ಬಹುಪಾಲು ಮರಗಳು ಶಿಲೀಂಧ್ರದ ನೆಂಟಸ್ತಿಕೆಯಿಲ್ಲದೆ ತಮ್ಮ ಗೊಂಚಲು ಬೇರುಗಳಿಂದಲೇ ರಂಜಕ ದುಡಿದುಕೊಳ್ಳುವಂಥವು. ಅದು ಬೇಗ ಬೆಳೆಯುತ್ತದೆ, ನಾಟಾಕ್ಕೆ ಬೆಲೆಯಿದೆ, ಮೆಣಸು ಹಬ್ಬಿಸಲು ನೇರವಾಗಿದೆ ಎಂಬ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮೇಲಿನ ನೆರಳು ಹಾಗೇ ಇದ್ದೂ ಕೆಳಗಿನ ನೆರೆಹೊರೆ ಬದಲಾಗಬಹುದು ಎಂಬುದೂ ಲೆಕ್ಕದೊಳಗೆ ಬರಬೇಕು.

ಈಗ ಮುರಿಯುವ ಮಾತಿಗೆ ಬರೋಣ. ಗಿಡಕ್ಕೆ ರಂಜಕದ ಕೊರತೆಯಾದಾಗ ಬೇರು ಸ್ಟ್ರಿಗೊಲ್ಯಾಕ್ಟೋನ್ ಎಂಬ ವಸ್ತುವನ್ನು ಮಣ್ಣಿಗೆ ಸೂಸುತ್ತದೆ. ಅದು ತಾಗಿದ ಶಿಲೀಂಧ್ರದ ಎಳೆ ಕವಲೊಡೆದು ಬೇರಿನತ್ತ ಬರುತ್ತದೆ ಎಂದು 2005ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಹಸಿವೇ ಇಲ್ಲಿ ಕರೆಯೋಲೆ. ಬುಡಕ್ಕೆ ರಂಜಕದ ಗೊಬ್ಬರ ಡಿಎಪಿ ಧಾರಾಳವಾಗಿ ಬಿದ್ದರೆ ಹಸಿವಿಲ್ಲ, ಕರೆಯೂ ಇಲ್ಲ. ಬೇರಿನಲ್ಲಿ ಶಿಲೀಂಧ್ರದ ವಾಸ ಕಡಿಮೆಯಾಗುತ್ತದೆ. ಯೂರಿಯಾ ಹೆಚ್ಚಾದರೆ ದ್ವಿದಳ ಗಿಡ ಬೇರುಗಂಟು ಕಟ್ಟುವುದನ್ನೇ ತಗ್ಗಿಸುತ್ತದೆ. ಇಲ್ಲಿ ಯಾರೂ ಯಾರನ್ನೂ ಕೊಂದಿಲ್ಲ ಎಂಬುದನ್ನು ಗಮನಿಸಬೇಕು. ಸತ್ತವರ ಪಟ್ಟಿ ಮಾಡುವ ನೀತಿಶಾಸ್ತ್ರಕ್ಕೆ ಈ ಕೆಲಸದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆದರೆ ಕೋಟ್ಯಂತರ ವರ್ಷ ಒಬ್ಬರಿಗೊಬ್ಬರು ಬೇಕಾಗಿದ್ದವರು ಈಗ ಬೇಡವಾಗಿದ್ದಾರೆ. ಗೊಬ್ಬರದ ಮೂಟೆ ಬರುವುದು ನಿಂತ ವರ್ಷ, ಬೆಲೆ ಏರಿದ ವರ್ಷ, ಮಳೆ ಕೈಕೊಟ್ಟ ವರ್ಷ ಗಿಡ ತನ್ನ ಹಳೆಯ ನೆಂಟನನ್ನು ಕರೆದರೆ ಅವನು ಅಲ್ಲಿ ಇರುವ ಖಾತರಿಯಿಲ್ಲ. ಜೈನರ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಜೀವಗಳ ಸ್ವಭಾವವನ್ನು ಪರಸ್ಪರ ಉಪಕಾರದಿಂದ ಗುರುತಿಸುವ ಪ್ರಸಿದ್ಧ ಸೂತ್ರವೊಂದಿದೆ. ಉಪಕಾರ ಎಂಬುದು ಜೀವದ ಒಳ್ಳೆಯತನದ ಅಲಂಕಾರವಾಗಿ ಅಲ್ಲಿ ಬರುವುದಿಲ್ಲ, ಜೀವವನ್ನು ಜೀವವೆಂದು ಗುರುತಿಸುವ ಲಕ್ಷಣವಾಗಿಯೇ ಬರುತ್ತದೆ. ಆ ಸೂತ್ರವನ್ನು ನಿಷ್ಠೆಯಿಂದ ಓದಿದರೆ, ಒಂದು ಜೀವ ಇನ್ನೊಂದಕ್ಕೆ ಉಪಕರಿಸುವ ದಾರಿಯನ್ನು ಮುಚ್ಚುವುದೂ ಹಿಂಸೆಯೇ. ರಕ್ತ ಚೆಲ್ಲದ, ಅಗಲಿಸುವ ಹಿಂಸೆ.

ಹೀಗೆಂದ ಕೂಡಲೆ, ನಮ್ಮ ಹಿರಿಯರಿಗೆ ಸೂಕ್ಷ್ಮಜೀವಿಗಳು ಮೊದಲೇ ಗೊತ್ತಿದ್ದವು ಎಂದು ಯಾರಾದರೂ ಹೆಮ್ಮೆಪಡಬಹುದು. ನಾನು ಆ ಮಾತಿಗೆ ಒಪ್ಪುವುದಿಲ್ಲ. ಪೃಥ್ವಿಕಾಯ ಜೀವ ಎಂಬುದು ಬ್ಯಾಕ್ಟೀರಿಯಾ ಅಲ್ಲ. ಕರ್ಮ ಮತ್ತು ಮರುಹುಟ್ಟಿನ ಒಂದು ದೊಡ್ಡ ಚೌಕಟ್ಟಿನೊಳಗೆ ಅದಕ್ಕೆ ಅರ್ಥ, ಸೂಕ್ಷ್ಮದರ್ಶಕದ ಕೆಳಗೆ ಅಲ್ಲ. ಸೂತ್ರಕಾರ ಕೊಟ್ಟದ್ದು ಕೇಳುವ ರೀತಿಯನ್ನು, ಪ್ರಯೋಗಾಲಯ ಕೊಟ್ಟದ್ದು ಸಂಗತಿಯನ್ನು. ಎರಡನ್ನೂ ಕಲಸಿದರೆ ಎರಡಕ್ಕೂ ಅವಮಾನ. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ: ಬ್ಯಾಕ್ಟೀರಿಯಾಕ್ಕೆ ನೋವಿಲ್ಲ, ಶಿಲೀಂಧ್ರಕ್ಕೆ ದುಃಖವಿಲ್ಲ, ನೋವಿಲ್ಲದಲ್ಲಿ ಹಿಂಸೆ ಎಂಬ ಪದ ಸಲ್ಲುವುದೆ? ಅವುಗಳಿಗೆ ನೋವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ನೋವೊಂದನ್ನೇ ಹಿಂಸೆಯ ಅಳತೆಗೋಲು ಮಾಡಿದರೆ ನಮಗೇ ಒಪ್ಪಿಗೆಯಾಗದ ಫಲ ಬರುತ್ತದೆ. ಊರಿನ ಕೆರೆ ಒಡೆದವನು, ಬಿತ್ತನೆ ಬೀಜವನ್ನು ಕುಟ್ಟಿ ತಿಂದವನು ಆ ಕ್ಷಣ ಯಾರನ್ನೂ ನೋಯಿಸಿರುವುದಿಲ್ಲ. ಮುಂದೆ ಬದುಕಬೇಕಾದವರ ದಾರಿ ಕೆಡಿಸಿದ್ದಾನೆ ಎಂಬುದಕ್ಕೇ ನಾವು ಅವನನ್ನು ತಪ್ಪಿತಸ್ಥ ಎನ್ನುವುದು. ಮಣ್ಣಿನ ಕೊಡುಕೊಳೆಯ ಮೇಲೆ ನಿಂತಿರುವವರಲ್ಲಿ ನೋವು ಬಲ್ಲವರೂ ಇದ್ದಾರೆ: ಹಕ್ಕಿ, ದನ, ಮುಂದಿನ ತಲೆಮಾರು.

ಅತ್ಯಂತ ಕಠಿಣವಾದ ಆಕ್ಷೇಪಣೆ ಮಣ್ಣಿನಿಂದಲೇ ಏಳುತ್ತದೆ. ಅಲ್ಲಿ ಉಪಕಾರ ಮಾತ್ರ ಇದೆಯೆ? ಮೆಣಸಿನ ಬಳ್ಳಿಯನ್ನು ಮಳೆಗಾಲದಲ್ಲಿ ವಾರಗಳೊಳಗೆ ಒಣಗಿಸುವ ಸೊರಗು ರೋಗ, ಅಡಿಕೆಯ ಕೊಳೆರೋಗ ಎರಡೂ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಕೆಲಸ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆ ತೋಟಗಳಿಗೆ ತಂದದ್ದರಿಂದ ಎಷ್ಟೋ ಮನೆಗಳು ಉಳಿದವು. ಆ ಸಿಂಪಡಣೆಯನ್ನು ಹಿಂಸೆ ಎಂದು ಜರೆಯುವುದು ಸುಲಭ, ಕೊಳೆತ ಗೊನೆಯ ಕೆಳಗೆ ನಿಂತು ಜರೆಯುವುದು ಕಷ್ಟ. ಸ್ನೇಹ ಎನ್ನಿಸಿಕೊಂಡಲ್ಲೂ ಕಾಠಿಣ್ಯ ಉಂಟು. 2003ರಲ್ಲಿ ವಿಜ್ಞಾನಿ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ಸೋಯಾ ಗಿಡದ ಬೇರುಗಂಟುಗಳಿಗೆ ಸಾರಜನಕವೇ ಇಲ್ಲದ ಗಾಳಿ ಕೊಟ್ಟು ನೋಡಿದರು. ದುಡಿಯಲಾಗದ ಆ ಗಂಟುಗಳಿಗೆ ಗಿಡ ಆಮ್ಲಜನಕದ ಪೂರೈಕೆ ಕಡಿಮೆ ಮಾಡಿತು, ಒಳಗಿನ ಬ್ಯಾಕ್ಟೀರಿಯಾಗಳು ಸೊರಗಿದವು. 2011ರಲ್ಲಿ ಅವರ ತಂಡವೇ ಮೈಕೊರೈಜಾದಲ್ಲಿ ಹೆಚ್ಚು ಕೊಟ್ಟವರಿಗೆ ಹೆಚ್ಚು ಸಿಗುವುದನ್ನು ಎರಡೂ ಕಡೆಯಿಂದ ತೋರಿಸಿತು. ಕಾಡಿನ ಮರಗಳು ಶಿಲೀಂಧ್ರದ ಜಾಲದ ಮೂಲಕ ಮಕ್ಕಳಿಗೆ ಉಣಿಸುತ್ತವೆ ಎಂಬ ಜನಪ್ರಿಯ ಚಿತ್ರವಿದೆಯಲ್ಲ, ಅದಕ್ಕೆ ಕಾಡಿನಲ್ಲಿ ಸಿಕ್ಕಿರುವ ಪುರಾವೆ ಹೇಳುವಷ್ಟು ಗಟ್ಟಿಯಿಲ್ಲ ಎಂದು 2023ರಲ್ಲಿ ಅದೇ ಕ್ಷೇತ್ರದ ವಿಜ್ಞಾನಿಗಳು ಎಚ್ಚರಿಸಿದರು. ಆದ್ದರಿಂದ ಮಣ್ಣನ್ನು ವಾತ್ಸಲ್ಯದ ಸಂಸಾರವೆಂದು ಬಣ್ಣಿಸಿ ಅದರಿಂದ ಧರ್ಮ ಕಲಿಯಿರಿ ಎನ್ನುವುದು ನನ್ನಿಂದ ಆಗದು. ಕಲಿಯಬೇಕಾದ್ದೂ ಇಲ್ಲ. ಮಣ್ಣಿನ ಜೀವಿಗಳು ಹೇಗೆ ನಡೆದುಕೊಳ್ಳುತ್ತವೋ ಹಾಗೆ ನಾವೂ ನಡೆಯಬೇಕೆಂಬುದು ವಾದವೇ ಅಲ್ಲ. ಅವುಗಳ ನಡುವೆ ನಡೆಯುತ್ತಿರುವುದರ ಮೇಲೆ ನಮ್ಮ ಅನ್ನ ನಿಂತಿದೆ, ಅದನ್ನು ತಿಳಿದೂ ಮುರಿಯಬಾರದು ಎಂಬುದಷ್ಟೇ ವಾದ. ಸಂತೆಯಲ್ಲಿ ಎಲ್ಲರೂ ಸಜ್ಜನರಿರಬೇಕಿಲ್ಲ. ಸಂತೆ ನಡೆಯುತ್ತಿರಬೇಕು, ತಕ್ಕಡಿ ಇರಬೇಕು. ಕಳ್ಳ ಬಂದಾಗ ಹಿಡಿಯುವುದು ತಪ್ಪಲ್ಲ, ಕಳ್ಳನ ಹೆದರಿಕೆಗೆ ಸಂತೆಯನ್ನೇ ಸುಡುವುದು ತಪ್ಪು. ಬೋರ್ಡೋ ದ್ರಾವಣ ಇದಕ್ಕೆ ತಕ್ಕ ಉದಾಹರಣೆ: ಗೊನೆಗೆ, ಎಲೆಗೆ, ಹೊತ್ತು ನೋಡಿ ಹೊಡೆದರೆ ಅದು ರಕ್ಷಣೆ, ವರ್ಷವರ್ಷ ಅಳತೆಯಿಲ್ಲದೆ ಸುರಿದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗದೆ ಸೇರುತ್ತಾ ಹೋಗಿ ಎರೆಹುಳುವಿಗೂ ಒಳ್ಳೆಯ ಶಿಲೀಂಧ್ರಕ್ಕೂ ವಿಷವಾಗುತ್ತದೆ. ಒಂದೇ ವಸ್ತುವಿನಲ್ಲಿ ವಿರೋಧೀ ಹಿಂಸೆ ಎಂದು ಶಾಸ್ತ್ರ ಒಪ್ಪುವ ಆತ್ಮರಕ್ಷಣೆಯೂ ಇದೆ, ಅದು ಒಪ್ಪದ ಅಜಾಗರೂಕತೆಯೂ ಇದೆ.

ಇದೆಲ್ಲ ಹೊಟ್ಟೆ ತುಂಬಿದವರ ಮಾತು ಎನ್ನುವವರಿದ್ದಾರೆ. ಅವರಿಗೆ ಉತ್ತರ ಕೊಡಲೇಬೇಕು. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ಹೇಬರನ ವಿಧಾನ 1913ರಲ್ಲಿ ಕಾರ್ಖಾನೆಗೆ ಬಾರದೆ ಹೋಗಿದ್ದರೆ ಇಂದಿನ ಜನಸಂಖ್ಯೆಯ ದೊಡ್ಡ ಪಾಲಿಗೆ ಅನ್ನವಿರುತ್ತಿರಲಿಲ್ಲ. ಆಲೂರಿನ ಎರಡೆಕರೆಯ ರೈತನಿಗೆ ಆನೆ ಕಾಟವಿದೆ, ಕೂಲಿಗೆ ಜನ ಸಿಗುವುದಿಲ್ಲ, ಹೂಮಳೆ ಹೊತ್ತಿಗೆ ಬರುವುದಿಲ್ಲ, ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಅವನಿಗೆ ಯೂರಿಯಾ ಬಿಡು ಎಂದು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ನನ್ನ ವಾದಕ್ಕೆ ಆ ಉಪದೇಶ ಬೇಕಾಗಿಯೂ ಇಲ್ಲ. ಗೊಬ್ಬರ ಹಾಕಿದ ಮಾತ್ರಕ್ಕೆ ನಂಟು ಕಡಿಯುವುದಿಲ್ಲ, ಅಗತ್ಯ ಮೀರಿದಾಗ ಕಡಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಹುಳಿ ಎಷ್ಟಿದೆ ಎಂದು ತಿಳಿದು ಸುಣ್ಣ ಹಾಕಿದರೆ ಕಟ್ಟಿಹೋದ ರಂಜಕದಲ್ಲಿ ಒಂದಿಷ್ಟು ಬಿಡುಗಡೆಯಾಗುತ್ತದೆ. ಹಾಕುವ ಗೊಬ್ಬರವನ್ನು ಕಂತಿನಲ್ಲಿ ಹಾಕಿದರೆ ಮಳೆಗೆ ಕೊಚ್ಚಿಹೋಗಿ ಹೇಮಾವತಿ ಸೇರುವುದು ಕಡಿಮೆಯಾಗುತ್ತದೆ. ತೊಟ್ಟಿಲು ಗುಂಡಿಗಳು ದರಗನ್ನೂ ನೀರನ್ನೂ ಹಿಡಿದಿಡುತ್ತವೆ. ಇವೆಲ್ಲ ಹಣ ಉಳಿಸುವ ಕೆಲಸಗಳೇ. ಜೀವಾಮೃತದ ಬಗ್ಗೆಯೂ ಒಂದು ಮಾತು ಹೇಳಬೇಕು, ಈ ಭಾಗದಲ್ಲಿ ಅದಕ್ಕೆ ನಂಬಿಕಸ್ಥರು ಬಹಳ. ಸೆಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಹುಳಿಸಿದ ದ್ರಾವಣದಲ್ಲಿ ಸೂಕ್ಷ್ಮಜೀವಿಗಳು ಹೇರಳವಾಗಿರುತ್ತವೆ ನಿಜ. ಆದರೆ ಡ್ರಮ್ಮಿನಲ್ಲಿ ಬೆಳೆದವು ಮಣ್ಣಿನಲ್ಲಿ ನೆಲೆ ನಿಲ್ಲಬೇಕಾದರೆ ಅವಕ್ಕೆ ಅಲ್ಲಿ ತಿನ್ನಲು ದರಗು ಬೇಕು, ತಂಪು ಬೇಕು, ಬೇರು ಬೇಕು. ಬೋಳು ನೆಲಕ್ಕೆ ಸುರಿದ ಜೀವಾಮೃತ, ಮನೆಯಿಲ್ಲದ ಊರಿಗೆ ನೆಂಟರನ್ನು ಕರೆದಂತೆ. ಶಿವಮೊಗ್ಗದ ಕಡೆಯ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ದಿನ ಗದ್ದೆಯನ್ನು ಬಸುರಿ ಎಂದು ಭಾವಿಸಿ ಬಯಕೆಯ ಅಡುಗೆ ಬಡಿಸುತ್ತಾರೆ, ಹಚ್ಚಂಬಲಿ ಬೀರುತ್ತಾರೆ. ಆ ಆಚರಣೆಯಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಭೂಮಿಯನ್ನು ತಾಯಿ ಎಂದದ್ದಕ್ಕಿಂತ ಅವಳಿಗೂ ಉಣಿಸಬೇಕು ಎಂದದ್ದು. ಭೂಮಿತಾಯಿ ಎಂದು ಹೇಳಿ ಅವಳಿಂದ ಪಡೆಯುವುದನ್ನಷ್ಟೇ ಕಲಿತ ಭಕ್ತಿ ಬೇಕಾದಷ್ಟಿದೆ.

ಈ ವಾದಕ್ಕೆ ನಿಜವಾದ ಪರೀಕ್ಷೆ ಕಾಫಿ ತೋಟದಲ್ಲಿ ಇಲ್ಲ, ಶುಂಠಿ ಹೊಲದಲ್ಲಿದೆ. ಕಾಫಿಯವನು ಅದೇ ನೆಲದಲ್ಲಿ ಮಗನ ಕಾಲಕ್ಕೂ ಇರಬೇಕಾದವನು. ಅವನ ಲಾಭವೂ ಅವನ ಧರ್ಮವೂ ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತವೆ. ಶುಂಠಿ ಹಾಗಲ್ಲ. ಗೆಡ್ಡೆ ಕೊಳೆಯುವ ರೋಗ, ದುಂಡಾಣುವಿನಿಂದ ಬರುವ ಸೊರಗು ರೋಗ ಎರಡೂ ಮಣ್ಣಿನಲ್ಲೇ ಉಳಿಯುವುದರಿಂದ ಒಮ್ಮೆ ಬೆಳೆದ ನೆಲದಲ್ಲಿ ಕೆಲವು ವರ್ಷ ಮತ್ತೆ ಶುಂಠಿ ಹಾಕುವಂತಿಲ್ಲ. ಹಾಗಾಗಿ ಆಲೂರು, ಸಕಲೇಶಪುರಗಳ ಗದ್ದೆಗಳನ್ನು ಒಂದೆರಡು ವರ್ಷಕ್ಕೆ ಗುತ್ತಿಗೆ ಹಿಡಿದು, ಏರುಮಡಿ ಮಾಡಿ, ಗೊಬ್ಬರ, ಔಷಧಿ ಎರಡನ್ನೂ ಕೈಬಿಚ್ಚಿ ಸುರಿದು, ಬೆಳೆ ಕಿತ್ತು ಮುಂದಿನ ನೆಲಕ್ಕೆ ಹೋಗುವ ಪದ್ಧತಿ ಬೆಳೆದಿದೆ. ಬೆಳೆಯುವವನು ಆ ಮಣ್ಣಿನ ನಾಳೆಯಲ್ಲಿ ಇರುವುದಿಲ್ಲ. ನೆಲದ ಒಡೆಯನಿಗೆ ನಾಳೆ ಇದೆ, ಇಂದಿನ ಬೇಸಾಯ ಅವನ ಕೈಯಲ್ಲಿಲ್ಲ. ಉದ್ಯೋಗೀ ಹಿಂಸೆಯ ಎಚ್ಚರ ಇಬ್ಬರಲ್ಲಿ ಯಾರದು? ಇಬ್ಬರದೂ ಎಂದರೆ ಮಾತು ತೇಲಿಹೋಗುತ್ತದೆ. ಗುತ್ತಿಗೆದಾರನಿಗೆ ಮಣ್ಣಿನ ಮೇಲೆ ಪ್ರೀತಿ ಹುಟ್ಟಲಿ ಎಂದು ಹಾರೈಸುವುದಕ್ಕಿಂತ, ಕೊಡುಕೊಳೆ ಮುರಿಯುವ ಹಿಂಸೆಯನ್ನು ತಡೆಯುವ ಜಾಗ ಕರಾರು ಪತ್ರವೇ ಎಂದು ನನಗನ್ನಿಸುತ್ತದೆ. ಈಗ ಅದರಲ್ಲಿ ಮುಖ್ಯವಾಗಿ ಬರುವುದು ಎಕರೆಗೆ ಎಷ್ಟು, ಎಷ್ಟು ತಿಂಗಳಿಗೆ ಎಂಬುದು. ನೆಲ ಬಿಡುವ ಮುಂಚೆ ಅಪ್ಸೆಣಬನ್ನೋ ಹುರುಳಿಯನ್ನೋ ಬಿತ್ತಿ, ಹೂವಾಗುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿಯೇ ಹಿಂದಿರುಗಿಸಬೇಕು, ಮಣ್ಣಿನ ಪರೀಕ್ಷೆಯ ಚೀಟಿ ನೆಲ ಕೊಡುವಾಗಲೂ ಬಿಡುವಾಗಲೂ ಜೊತೆಗಿರಬೇಕು ಎಂಬ ಎರಡು ಸಾಲು ಅದರಲ್ಲಿ ಸೇರಿದರೆ ದ್ವಿದಳದ ಬೇರಿಗೆ ಮತ್ತೆ ಗಂಟು ಕಟ್ಟಲು ಒಂದು ಹಂಗಾಮು ಸಿಗುತ್ತದೆ, ಶಿಲೀಂಧ್ರದ ಎಳೆಗೆ ಹಿಡಿಯಲು ಒಂದು ಬೇರು ಸಿಗುತ್ತದೆ.